ಪಂಚಾಂಗವಿಲ್ಲದ ಊರಿನ ಗ್ರಹಣ

ನಮ್ಮ ಬ್ಲಾಕಿನ ಒಂಬತ್ತನೆಯ ಮಹಡಿಯ ದ್ಯಾಮವ್ವ ಉತ್ತರ ಧ್ರುವದ ಹತ್ತಿರದ ಊರಿಗೆ ಹೋಗಿ ಚಂದ್ರಗ್ರಹಣ ನೋಡಿಕೊಂಡು ಬಂದರು ಎಂಬುದು ಸಿಂಗಪುರದ ಕನ್ನಡಿಗರಿಗೆ ಇನ್ನೂ ನಗೆಯ ವಿಷಯ. ಯುಗಾದಿ ಊಟದಲ್ಲಿ ಹೋಳಿಗೆಗೆ ಕಾಯುತ್ತ ಕುಳಿತವರು, “ಅಲ್ಲೀತನಕ ಯಾಕ್ರೀ ಹೋಗ್ಬೇಕಿತ್ತು? ಮನೆ ಕಿಟಕಿ ತೆಗೆದಿದ್ರೆ ಕಾಣ್ತಿತ್ತಲ್ಲ” ಎನ್ನುತ್ತಾರೆ. ನಗುವವರ ಮೇಲೆ ನನಗೆ ಸಿಟ್ಟಿಲ್ಲ. ಮೊದಲು ನಕ್ಕವಳು ನಾನೇ. ಆದರೆ ಅರ್ಧ ತಿಳಿದು ನಗುವವರನ್ನು ಕಂಡರೆ ಮೈ ಉರಿಯುತ್ತದೆ, ಪೂರ್ತಿ ತಿಳಿದು ನಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದ್ಯಾಮವ್ವ ಗದಗ ಸೀಮೆಯ ಮುಂಡರಗಿಯವರು. ಗಂಡ ಈರಬಸಪ್ಪ ಸಾರಿಗೆ ಬಸ್ಸಿನ ಕಂಡಕ್ಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ, ೨೦೦೯ರ ಕೊನೆಯಲ್ಲಿ, ಮಗ ಮಹೇಶಕುಮಾರ ತಾಯಿಯನ್ನು ಸಿಂಗಪುರದ ನಮ್ಮ ಪುಂಗೋಲ್‌ಗೆ ಕರೆಸಿಕೊಂಡ. ನಾಲ್ಕನೆಯ ಇಯತ್ತೆ ಓದಿದ ಹೆಂಗಸು ಎರಡೇ ತಿಂಗಳಲ್ಲಿ ಒಬ್ಬರೇ ರೈಲು ಹತ್ತಿ ಲಿಟಲ್ ಇಂಡಿಯಾಗೆ ಹೋಗಿ, ಅಂಗಡಿಯ ತಮಿಳರವನ ಜೊತೆ ಕನ್ನಡದಲ್ಲೇ ಜಗಳವಾಡಿ ಜೋಳದ ಹಿಟ್ಟು ತರುವಷ್ಟು ಗಟ್ಟಿಯಾದರು. ಹಿಟ್ಟು ಹಳೆಯದಾದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಅಂಥ ಹಿಟ್ಟನ್ನು ಮರಳಿ ಒಯ್ದು ಅವನ ಮೇಜಿನ ಮೇಲೆ ಸುರುವಿ ಬಂದದ್ದೂ ಉಂಟು. ಬೆಳಿಗ್ಗೆ ನಾವಿಬ್ಬರೂ ಕಾಲುವೆಯ ದಂಡೆಯಲ್ಲಿ ವಾಕಿಂಗ್ ಹೋಗುತ್ತಿದ್ದೆವು. ನಾನು ಮೈಸೂರಿನವಳು, ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಇಂಥ ಹೆಂಗಸಿಗೆ ಒಂದೇ ಒಂದು ಭಯ ಇತ್ತು. ಅದು ಗ್ರಹಣ.

ಮಹೇಶ ಹುಟ್ಟಿದ್ದು ಸೀಳುತುಟಿಯೊಂದಿಗೆ. ಒಂದು ವರ್ಷದ ಕೂಸಿದ್ದಾಗ ಹುಬ್ಬಳ್ಳಿಯಲ್ಲಿ ಹೊಲಿಗೆ ಹಾಕಿಸಿದರು. ಈಗ ಮೀಸೆಯ ಕೆಳಗೆ ಒಂದು ಗೆರೆ ಇದೆ, ಮಾತಿನಲ್ಲಿ ಸ್ವಲ್ಪ ಮೂಗಿನ ದನಿ ಇದೆ, ಅಷ್ಟೆ. ಅವನಿಗೆ ಅದರ ಚಿಂತೆಯೇನೂ ಇದ್ದಂತಿರಲಿಲ್ಲ. ಮದುವೆಯಾಯಿತು, ಹೆಂಡತಿ ರೋಹಿಣಿ ಜಾಣೆ, ಮಗಳು ಗಗನಾ. ಚಿಂತೆಯೆಲ್ಲ ತಾಯಿಯ ಪಾಲಿಗೆ ಬಂದಿತ್ತು. ಅದಕ್ಕೆ ಕಾರಣ ೧೯೮೦ರ ಫೆಬ್ರುವರಿ ಹದಿನಾರರ ಸೂರ್ಯಗ್ರಹಣ.

ಆ ಗ್ರಹಣ ನಮ್ಮ ಕಡೆಯ ಹಿರಿಯರಿಗೆಲ್ಲ ನೆನಪಿದೆ. ಹಾಡುಹಗಲೇ ಬೀದಿಗಳು ಬಿಕೋ ಎನ್ನುತ್ತಿದ್ದವು, ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಜನ ಒಳಗೆ ಕುಳಿತಿದ್ದರು. ಮುಂಡರಗಿಯಲ್ಲಿ ಪೂರ್ತಿ ಖಗ್ರಾಸ. ದ್ಯಾಮವ್ವನಿಗೆ ಆಗ ಇಪ್ಪತ್ತು ವರ್ಷ, ನಾಲ್ಕು ತಿಂಗಳ ಬಸುರಿ. ಅವರದು ಲಿಂಗವಂತರ ಮನೆ. ಹುಟ್ಟಿದರೆ ಸೂತಕವಿಲ್ಲ, ಸತ್ತರೆ ಸೂತಕವಿಲ್ಲ ಎಂದು ಎದೆ ತಟ್ಟಿ ಹೇಳುವವರು ಗ್ರಹಣ ಎಂದರೆ ಮಾತ್ರ ಗಪ್‌ಚಿಪ್. ಅತ್ತೆ ಬಸಲಿಂಗವ್ವ ಸೊಸೆಯನ್ನು ಒಳಕೋಣೆಯ ಚಾಪೆಯ ಮೇಲೆ ಮಲಗಿಸಿ, ಏನನ್ನೂ ಹೆಚ್ಚಬೇಡ, ಮಡಚಬೇಡ, ಮೈ ಸಹ ತುರಿಸಿಕೊಳ್ಳಬೇಡ ಎಂದು ಹೇಳಿದ್ದರು. ಕತ್ತಲು ಕವಿದ ಹೊತ್ತಿನಲ್ಲಿ ದ್ಯಾಮವ್ವ ಎದ್ದು ಹಿತ್ತಲಿಗೆ ಹೋಗಿ ಬಂದರು.

ಜುಲೈನಲ್ಲಿ ಕೂಸು ಹುಟ್ಟಿತು. ಅತ್ತೆ ಅದರ ಮುಖ ಒಮ್ಮೆ ನೋಡಿ, ಬಾಣಂತಿಯ ಕಡೆ ತಿರುಗಿ, “ಅವತ್ತ ಗ್ರಹಣದಾಗ ಹಿತ್ತಲಕ ಹೋಗಿ ನಿಂತಿದ್ದೆಲ್ಲ, ಇಗಾ ನೋಡು” ಎಂದರಂತೆ. ಅಲ್ಲಿ ಹೊಸ್ತಿಲಲ್ಲಿ ನಾಲ್ಕು ಜನ ಹೆಂಗಸರಿದ್ದರು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಕರು ಹಗ್ಗಕ್ಕೆ ಸಿಕ್ಕಿ ಒದರುತ್ತಿತ್ತು, ಬಿಡಿಸಲು ಹೋಗಿದ್ದೆ, ಮೇಲೆ ನೋಡಲೇ ಇಲ್ಲ ಎಂದು ದ್ಯಾಮವ್ವ ಹೇಳಿದರು. ಆ ಕರುವಿನ ಮಾತನ್ನು ಮೂವತ್ತೇಳು ವರ್ಷ ಹೇಳಿದರು. ನನಗೂ ಹತ್ತಾರು ಸಲ ಹೇಳಿದ್ದಾರೆ.

ಮಹೇಶ ಕಾಲೇಜು ಸೇರಿದ ಮೇಲೆ ಇದನ್ನೆಲ್ಲ ಓದಿಕೊಂಡ. ಹೊಟ್ಟೆಯಲ್ಲಿರುವ ಕೂಸಿನ ತುಟಿ ಮೊದಲ ಎರಡು ತಿಂಗಳಲ್ಲೇ ಕೂಡಿಕೊಳ್ಳುತ್ತದೆ. ಕೂಡದಿದ್ದರೆ ಆಗಲೇ ಸೀಳು ಉಳಿದಿರುತ್ತದೆ. ಫೆಬ್ರುವರಿಯಲ್ಲಿ ಅವ್ವನಿಗೆ ನಾಲ್ಕು ತಿಂಗಳು, ಅಂದರೆ ಗ್ರಹಣ ಬರುವ ಮೊದಲೇ ತುಟಿಯ ಕೆಲಸ ಮುಗಿದಿತ್ತು. ಇದನ್ನು ಅವನು ಚಿತ್ರ ಬರೆದು, ದಿನ ಎಣಿಸಿ, ರಜೆಗೆ ಊರಿಗೆ ಹೋದಾಗಲೆಲ್ಲ ತಾಯಿಗೆ ಹೇಳುತ್ತಿದ್ದ. ತಾಯಿ ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳಿ, “ಹೌದೇನಪ್ಪಾ” ಎಂದು ರೊಟ್ಟಿ ಬಡಿಯಲು ಏಳುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಅವನೇ ಒಮ್ಮೆ ನನ್ನ ಮುಂದೆ ಬೇಸರಪಟ್ಟುಕೊಂಡಿದ್ದ.

೨೦೧೦ರ ಜನವರಿಯಲ್ಲಿ ಸಿಂಗಪುರದಲ್ಲಿ ಒಂದು ಮಧ್ಯಾಹ್ನ ಸೂರ್ಯಗ್ರಹಣ ಹಿಡಿಯಿತು. ರೋಹಿಣಿಗೆ ಆಗ ಐದು ತಿಂಗಳು. ದ್ಯಾಮವ್ವ ಅವಳಿಗೆ ಆಫೀಸಿಗೆ ರಜೆ ಹಾಕಿಸಿ, ಮಲಗುವ ಕೋಣೆಯ ಕಿಟಕಿಗೆ ಎರಡು ಕಂಬಳಿ ಹೊಡೆದು, ತಾವು ಬಾಗಿಲಿಗೆ ಅಡ್ಡ ಕುಳಿತರು. ಎಂಬಿಎ ಓದಿದ ರೋಹಿಣಿ ಮೂರು ತಾಸು ಕತ್ತಲೆಯಲ್ಲಿ ಬೆವರುತ್ತ ಬಿದ್ದುಕೊಂಡಿದ್ದಳು. ಮೇ ತಿಂಗಳಲ್ಲಿ ಗಗನಾ ಹುಟ್ಟಿದಳು, ತುಟಿ ಮುದ್ದಾಗಿ ಸರಿಯಾಗಿತ್ತು. ಎಲ್ಲರೂ ಸಂತೋಷಪಟ್ಟರು. ದ್ಯಾಮವ್ವ ಮಾತ್ರ ಆವತ್ತು ಅಡುಗೆಮನೆಯಲ್ಲಿ ಒಬ್ಬರೇ ನಿಂತು ಅತ್ತರು. ಸೊಸೆಯನ್ನು ಕೂಡಿಹಾಕಿದ್ದಕ್ಕೆ ಕೂಸು ಉಳಿಯಿತು, ಅಂದರೆ ತಾನು ಹೊರಗೆ ಹೋಗಿದ್ದಕ್ಕೇ ಮಹೇಶನ ತುಟಿ ಸೀಳಿತು ಎಂದು ಅವರು ಲೆಕ್ಕ ಹಾಕಿದ್ದರು. ಮಗನ ಚಿತ್ರಗಳಿಗೆ ಅಲ್ಲಿಗೆ ಬೆಲೆ ಹೋಯಿತು.

ಇನ್ನು ನಮ್ಮ ಅಶ್ವತ್ಥನಾರಾಯಣ. ಬೆಂಗಳೂರಿನವರು, ಬುಕಿತ್ ಬಾಟೋಕ್‌ನಲ್ಲಿ ಮನೆ. ವಾರದ ದಿನ ಬ್ಯಾಂಕೊಂದರ ಸರ್ವರುಗಳನ್ನು ಕಾಯುತ್ತಾರೆ, ಶನಿವಾರ ಭಾನುವಾರ ಪಂಚೆಯುಟ್ಟು ಸತ್ಯನಾರಾಯಣ ಪೂಜೆ ಮಾಡಿಸುತ್ತಾರೆ. ೨೦೧೪ರ ಅಕ್ಟೋಬರಿನ ಚಂದ್ರಗ್ರಹಣಕ್ಕೆ ಅವರು ಊರಿನ ಪಂಚಾಂಗದ ವೇಳೆಯನ್ನು ಹಾಗೇ ವಾಟ್ಸಾಪಿನಲ್ಲಿ ಕಳಿಸಿಬಿಟ್ಟಿದ್ದರು. ಎರಡೂವರೆ ತಾಸಿನ ವ್ಯತ್ಯಾಸ ಮರೆತೇಹೋಗಿತ್ತು. ಆರು ಗಂಟೆಗೆ ಮೋಕ್ಷ ಆಯಿತೆಂದು ಎಲ್ಲರೂ ತಲೆಗೆ ಸ್ನಾನ ಮಾಡಿ ಊಟಕ್ಕೆ ಕುಳಿತರು. ಏಳಕ್ಕೆ ಎದುರು ಬ್ಲಾಕಿನ ಮೇಲೆ ಚಂದ್ರ ಕೆಂಪಗೆ ಎದ್ದ. “ಅಜ್ಜೀ, ಮೂನ್ ಸೋ ರೆಡ್ ಲಾ!” ಎಂದು ಗಗನಾ ಕಿಟಕಿಗೆ ಓಡಿದಳು. ದ್ಯಾಮವ್ವ ಮೊಮ್ಮಗಳನ್ನು ಎಳೆದು ಸೆರಗಿನೊಳಗೆ ಮುಚ್ಚಿ, ಗೋಡೆಗೆ ಮುಖ ಮಾಡಿ ಕುಳಿತವರು ಮರುದಿನ ಮಧ್ಯಾಹ್ನದವರೆಗೆ ನೀರು ಕುಡಿಯಲಿಲ್ಲ. ಅಂದಿನಿಂದ ಅಶ್ವತ್ಥನಾರಾಯಣ ಸಿಂಗಪುರದ ಸೂರ್ಯೋದಯ ಹಾಕಿ ತಮ್ಮದೇ ಪಂಚಾಂಗವನ್ನು ಲ್ಯಾಪ್‌ಟಾಪಿನಲ್ಲಿ ತಯಾರಿಸತೊಡಗಿದರು. ಪಾಪ, ಒಳ್ಳೆಯ ಮನುಷ್ಯ. ಒಮ್ಮೆ ತಪ್ಪಿದ್ದಕ್ಕೆ ಈಗ ನಿಮಿಷ ನಿಮಿಷಕ್ಕೂ ಹೆದರುತ್ತಾರೆ.

ಮಹೇಶನದು ದೊಡ್ಡ ದೊಡ್ಡ ಡಿಶ್ ಆಂಟೆನಾಗಳನ್ನು ತಿರುಗಿಸುವ ಮೋಟರುಗಳನ್ನು ರಿಪೇರಿ ಮಾಡುವ ಕಂಪನಿ. ೨೦೧೭ರ ಡಿಸೆಂಬರಿನಲ್ಲಿ ಅವನಿಗೆ ಸ್ವಾಲ್‌ಬಾರ್ಡ್ ದ್ವೀಪಕ್ಕೆ ಹೋಗುವ ಕೆಲಸ ಬಂತು. ನಾರ್ವೆಗೆ ಸೇರಿದ್ದು, ಅಲ್ಲಿಂದ ಮೇಲಕ್ಕೆ ಹೋದರೆ ಹಿಮ ಮತ್ತು ಧ್ರುವ, ಅಷ್ಟೆ. ಅಲ್ಲಿ ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಏಳುವುದು ಫೆಬ್ರುವರಿ ಮಧ್ಯದಲ್ಲಿ. ಊಟದ ಹೊತ್ತಿನಲ್ಲಿ ಅವನು ಇದನ್ನು ಮಗಳಿಗೆ ಹೇಳುತ್ತಿದ್ದ. ಹೋಗುವ ತಾರೀಖುಗಳ ಮಧ್ಯೆ, ಜನವರಿ ಮೂವತ್ತೊಂದಕ್ಕೆ, ಪೂರ್ಣ ಚಂದ್ರಗ್ರಹಣವೂ ಇದೆ ಎಂದ. ದ್ಯಾಮವ್ವ ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡರು. ಮೂರನೆಯ ದಿನ ಭಾನುವಾರ, ಬೆಳಿಗ್ಗೆ ನನ್ನ ಮನೆಯ ಬಾಗಿಲಿಗೆ ಬಂದು, “ತಂಗೀ, ಪಂಡಿತರ ಮನಿಗೆ ಹೋಗೂಣು, ನಡೀ” ಎಂದರು.

ಪುಂಗೋಲ್‌ನಿಂದ ಬುಕಿತ್ ಬಾಟೋಕ್ ಎಂದರೆ ದ್ವೀಪದ ಈ ಮೂಲೆಯಿಂದ ಆ ಮೂಲೆ. ಅಲ್ಲಿ ತಲುಪಿ ದ್ಯಾಮವ್ವ ಕಾಫಿಯನ್ನೂ ಮುಟ್ಟದೆ, ಸೊಂಟದ ಚೀಲದಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಆ ದ್ವೀಪದ ಊರಿನ ಹೆಸರನ್ನು ಮಹೇಶನ ಕೈಯಲ್ಲಿ ಬರೆಸಿಕೊಂಡಿದ್ದರು.

“ಈ ಊರಿಗೆ ಗ್ರಹಣದ ವೇಳೆ ಹೇಳ್ರಿ. ಊಟ ಯಾವಾಗ ಬಿಡಬೇಕು, ಯಾವಾಗ ಮೈ ತೊಳಕೋಬೇಕು, ಎಲ್ಲಾ.”

ಅಶ್ವತ್ಥನಾರಾಯಣ ಉತ್ಸಾಹದಿಂದ ಊರಿನ ಹೆಸರು ಹಾಕಿ ಕೀಲಿ ಒತ್ತಿದರು. ಸೂರ್ಯೋದಯದ ಮನೆ ಖಾಲಿ. ಸೂರ್ಯಾಸ್ತದ ಮನೆ ಖಾಲಿ. ಮತ್ತೆ ಹಾಕಿದರು, ಮತ್ತೆ ಖಾಲಿ.

“ಏನೋ ಎರರ್ ಬರ್ತಿದೆ ಆಂಟಿ. ಡೇಟಾ ಲೋಡ್ ಆಗ್ತಿಲ್ಲ ಅನ್ಸುತ್ತೆ.”

“ಎರರ್ ಅಲ್ರೀ. ಅಲ್ಲಿ ಹೊತ್ತ ಹುಟ್ಟೂದಿಲ್ಲ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ದ್ಯಾಮವ್ವ ಬಿಡಲಿಲ್ಲ.

“ಅವತ್ತ ವಾರ ಯಾವದ್ರಿ?”

“ಕ್ಯಾಲೆಂಡರ್ ಪ್ರಕಾರ ಬುಧವಾರ. ಆದ್ರೆ ಶಾಸ್ತ್ರದಲ್ಲಿ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಒಂದು ವಾರ. ಅಲ್ಲಿ ಲಾಸ್ಟ್ ಸೂರ್ಯೋದಯ ಆಗಿದ್ದು ಅಕ್ಟೋಬರ್ ಇಪ್ಪತ್ತಾರು, ಗುರುವಾರ. ಸೋ, ಟೆಕ್ನಿಕಲಿ…” ಎಂದು ನಿಲ್ಲಿಸಿದರು.

“ಅಲ್ಲಿ ಇನ್ನೂ ಅದ ಗುರುವಾರ ನಡದೈತಿ.”

“ಹಾಗೇ ಅನ್ಬೇಕಾಗುತ್ತೆ.”

“ಚಂದ್ರಾಮಗ ಗ್ರಹಣ ಹಿಡಿಯೂ ಮೊದಲ ಮೂರು ಯಾಮ ಉಣಬಾರದಂತೀರಿ. ಅಲ್ಲಿ ಯಾಮ ಹೆಂಗ ಎಣಸ್ತೀರಿ?”

“ಯಾಮ ಅಂದ್ರೆ ಹಗಲಿನ ಅಥವಾ ರಾತ್ರಿಯ ನಾಲ್ಕನೇ ಒಂದು ಭಾಗ. ಮೂರೂವರೆ ತಿಂಗಳ ರಾತ್ರಿಯಲ್ಲಿ ನಾಲ್ಕನೇ ಒಂದು ಭಾಗ ಅಂದ್ರೆ ಹತ್ತಿರ ಹತ್ತಿರ ಒಂದು ತಿಂಗಳು ಆಂಟಿ, ಮೂರು ಯಾಮ ಉಪವಾಸ ಮಾಡಿದ್ರೆ ಮನುಷ್ಯ ಬದುಕಲ್ಲ.” ಅವರು ಲ್ಯಾಪ್‌ಟಾಪ್ ಮುಚ್ಚಿದರು. “ಅಲ್ಲಿಗೆ ನಮ್ಮ ಪಂಚಾಂಗ ಅಪ್ಲೈ ಆಗಲ್ಲ. ಹೇಳಕ್ಕೆ ಬರಲ್ಲ.”

“ಹಂಗಾರ ಅಲ್ಲಿ ನೋಡಿದ್ರ ದೋಷ ಇಲ್ಲ.”

“ಅಯ್ಯೋ, ನಾನು ಹಾಗೆ ಹೇಳ್ಲಿಲ್ಲ!”

“ದೋಷ ಐತಿ ಅಂತ ಎಲ್ಲಿ ಬರದೈತಿ, ತೋರಸ್ರಿ.”

ಅಶ್ವತ್ಥನಾರಾಯಣ ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ನೋಡಿದೆ. ದ್ಯಾಮವ್ವ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

ಮರಳುವಾಗ ರೈಲಿನಲ್ಲಿ ಅವರಾಗಿಯೇ ಹೇಳಿದರು. “ಒಂದ್ಸಲ ಕಣ್ಣ ತೆಗೆದು ನೋಡಬೇಕು ತಂಗಿ, ನೋಡಿದ್ರ ಏನಾಗತೈತಿ ಅಂತ. ಇಲ್ಲಿ ನೋಡಾಕ ಧೈರ್ಯ ಇಲ್ಲ, ಮನ್ಯಾಗ ಗಗನಾ ಅದಾಳ. ಅಲ್ಲಿ ಶಾಸ್ತ್ರ ಇಲ್ಲ. ಅಲ್ಲಿ ನಿಂತು ನೋಡಿ, ನನಗೂ ನನ್ನ ಮಗಗೂ ಏನೂ ಆಗಲಿಲ್ಲ ಅಂದ್ರ…”

“ಅಂದ್ರೆ?”

“ಅಂದ್ರ ಅವತ್ತೂ ನಂದೇನೂ ತಪ್ಪಿಲ್ಲ ಅಂತ ಆಗತೈತಿ.”

ನನಗೆ ರೇಗಿತು. ಟೆಸ್ಟಿಂಗ್ ಮಾಡಿ ಹೊಟ್ಟೆ ಹೊರೆಯುವವಳು ನಾನು. ಶಾ‌ಸ್ತ್ರ ಇಲ್ಲದ ಕಡೆ ಪರೀಕ್ಷೆ ಮಾಡಿ ಶಾಸ್ತ್ರ ಇದ್ದ ಕಡೆಗೆ ತೀರ್ಪು ಕೊಡಲು ಬರುವುದಿಲ್ಲ, ಆ ಮಾತಿಗೆ ತಲೆಯೂ ಇಲ್ಲ ಬುಡವೂ ಇಲ್ಲ ಎಂದೆ. ಅವರು ನನ್ನ ಮೊಣಕೈ ತಟ್ಟಿ, “ನಿನಗ ತಿಳಿಯೂದಿಲ್ಲ ಬಿಡು” ಎಂದರು. ನಿಜಕ್ಕೂ ಆಗ ತಿಳಿದಿರಲಿಲ್ಲ.

ಮಹೇಶ ಮೊದಲು ಒಪ್ಪಲಿಲ್ಲ. ಮೈನಸ್ ಹದಿನೈದು ಡಿಗ್ರಿ ಚಳಿ, ಮೂರು ವಿಮಾನ ಬದಲಿಸಬೇಕು, ಅವ್ವನಿಗೆ ಮೊಣಕಾಲು ನೋವು ಎಂದೆಲ್ಲ ಹೇಳಿದ. ಯಾಕೆ ಹೋಗಬೇಕೆನ್ನುತ್ತಿದ್ದಾರೆ ಎಂದು ನಾನು ಹೇಳಿದ ಮೇಲೆ ಒಪ್ಪಿದ. ಇಪ್ಪತ್ತು ವರ್ಷ ಚಿತ್ರ ಬರೆದು ಆಗದ ಕೆಲಸ ಮೂರು ವಿಮಾನ ಹತ್ತಿಸಿದರೆ ಆಗುವುದಾದರೆ ಆಗಲಿ ಎಂದ. ವೀಸಾ ಅರ್ಜಿಯನ್ನು ನಾನೇ ತುಂಬಿದೆ. ಪ್ರಯಾಣದ ಉದ್ದೇಶ ಎಂಬಲ್ಲಿ ಪ್ರವಾಸ ಎಂದು ಬರೆದದ್ದನ್ನು ದ್ಯಾಮವ್ವ ಓದಿಸಿ ಕೇಳಿ ಒಪ್ಪಲಿಲ್ಲ. ಸುಳ್ಳು ಬರೆಯಬೇಡ ಎಂದರು. ಕೊನೆಗೆ ಚಂದ್ರಗ್ರಹಣ ನೋಡಲು ಎಂದೇ ಬರೆದೆವು. ವೀಸಾ ಬಂತು.

ಮುಂದಿನದು ಅವರಿಬ್ಬರೂ ಹೇಳಿದ್ದು. ಇಬ್ಬರ ಮಾತು ಬೇರೆಯಾದ ಕಡೆ ನಾನು ದ್ಯಾಮವ್ವನ ಮಾತನ್ನೇ ಇಟ್ಟುಕೊಂಡಿದ್ದೇನೆ.

ಊರು ಎಂದರೆ ಎರಡು ಗುಡ್ಡಗಳ ನಡುವೆ ಬಣ್ಣಬಣ್ಣದ ಮರದ ಮನೆಗಳು, ಎದುರಿಗೆ ಒಳನುಗ್ಗಿದ ಸಮುದ್ರ. ಊರಿನಾಚೆ ಕರಡಿಗಳಿವೆ ಎಂದು ಬೋರ್ಡು ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಆಕಾಶ ಸ್ವಲ್ಪ ನೀಲಿಯಾಗುತ್ತಿತ್ತು, ಉಳಿದಂತೆ ಕತ್ತಲೆ. ದ್ಯಾಮವ್ವನಿಗೆ ಆಶ್ಚರ್ಯವಾದದ್ದು ಚಂದ್ರ. ಆ ವಾರ ಅವನು ಮುಳುಗಲೇ ಇಲ್ಲ. ಗಾಣದ ಎತ್ತಿನ ಹಾಗೆ ಊರ ಸುತ್ತ ಸುತ್ತುತ್ತಿದ್ದ. ಮಹೇಶ ಗುಡ್ಡದ ಮೇಲಿನ ಆಂಟೆನಾ ಕೆಲಸಕ್ಕೆ ಹೋದಾಗ ಅವರು ಬಾಡಿಗೆ ಕೋಣೆಯ ಕಿಟಕಿಯಲ್ಲಿ ಕುಳಿತು ಚಂದ್ರನನ್ನೇ ನೋಡುತ್ತಿದ್ದರಂತೆ. ಇಳಕಲ್ ಸೀರೆಯ ಒಳಗೆ ಎರಡು ಉಣ್ಣೆಯ ಚಡ್ಡಿ, ಮೇಲೆ ಮೊಣಕಾಲಿನವರೆಗೆ ಬರುವ ಕೋಟು.

ಮೂವತ್ತೊಂದರಂದು ಮಹೇಶ ರಜೆ ತೆಗೆದುಕೊಂಡ. ಅಲ್ಲಿಯ ಗಡಿಯಾರದಲ್ಲಿ ಗ್ರಹಣ ಹಿಡಿಯುವುದು ಮಧ್ಯಾಹ್ನ ಹನ್ನೆರಡೂ ನಲವತ್ತೆಂಟಕ್ಕೆ. ದ್ಯಾಮವ್ವ ಬೇಕೆಂದೇ ಅದೇ ಹೊತ್ತಿಗೆ ಮನೆಯಿಂದ ಒಣಗಿಸಿ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಉಣ್ಣಲು ಕುಳಿತರು. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದರು. ಅರ್ಧ ರೊಟ್ಟಿ ತಿಂದು ಕೈ ತೊಳೆದು, ಮಗನ ತೋಳು ಹಿಡಿದು ಸಮುದ್ರದ ದಂಡೆಗೆ ನಡೆದರು. ಅಲ್ಲಿ ಇನ್ನೂ ನಾಲ್ಕೈದು ಜನ ಕ್ಯಾಮೆರಾ ನಿಲ್ಲಿಸಿಕೊಂಡಿದ್ದರು. ಚಂದ್ರ ಉತ್ತರಕ್ಕೆ, ನೀರಿನಾಚೆಯ ಗುಡ್ಡದ ಮೇಲೆ, ಬಹಳ ಕೆಳಗೆ ನಿಂತಿದ್ದ. ಅರ್ಧ ಹೋಗಿದ್ದ.

ಸುಮಾರು ಹೊತ್ತು ದ್ಯಾಮವ್ವ ತಮ್ಮ ಬೂಟುಗಳನ್ನೇ ನೋಡುತ್ತ ನಿಂತರು. ಎರಡಕ್ಕೆ ಹತ್ತು ನಿಮಿಷವಿದ್ದಾಗ ಮಹೇಶ, “ಅವ್ವಾ, ಪೂರ್ತಿ ಹಿಡೀತು, ನೋಡು” ಎಂದ.

ಅವರು ತಲೆ ಎತ್ತಿದರು. ಹುಣಸೆಹಣ್ಣು ಹಚ್ಚಿ ತೊಳೆಯದೆ ಬಹಳ ದಿನ ಇಟ್ಟ ತಾಮ್ರದ ಬಿಂದಿಗೆಯ ತಳ ಇರುತ್ತದಲ್ಲ, ಅಂಥ ಒಂದು ಮಂಕು ಕೆಂಪು. ಸುತ್ತ ಚುಕ್ಕಿಗಳು ಹೆಚ್ಚಿದ್ದವು. ಹಿಮವೂ ಸ್ವಲ್ಪ ಕಪ್ಪಾಗಿತ್ತು. ಹತ್ತು ನಿಮಿಷ ನೋಡಿದರು, ಹದಿನೈದು ನಿಮಿಷ ನೋಡಿದರು. ಬೇರೆ ಏನೂ ಆಗಲಿಲ್ಲ.

“ಇಷ್ಟನ?”

“ಇಷ್ಟ ಅವ್ವಾ.”

“ಇಷ್ಟಕ್ಕ ಏನು?” ಎಂದು ಅವರು ಕೂಗಿದರಂತೆ. ಕ್ಯಾಮೆರಾದವರು ತಿರುಗಿ ನೋಡಿದರು. “ಇಷ್ಟಕ್ಕ ನಾ ಮೂವತ್ತೇಳ ವರ್ಷ ಗೋಡಿ ಕಡೆ ಮಾರಿ ಮಾಡಿ ಕುಂತ್ನೇನೋ?”

ಅಳು ಬಂತೇ ಎಂದು ನಾನು ಕೇಳಿದೆ. ಅಳು ಬರಲಿಲ್ಲ, ಸಿಟ್ಟು ಬಂತು, ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯಬೇಕು ಎನ್ನಿಸಿತು ಎಂದರು. ಒಗೆಯಲು ಅಲ್ಲಿ ಹಿಮ ಬಿಟ್ಟರೆ ಏನೂ ಇರಲಿಲ್ಲ.

“ನಿಮ್ಮ ಆಯಿಗೆ ಫೋನ್ ಹಚ್ಚು” ಎಂದರು.

ಆಯಿ, ಅಂದರೆ ಅಜ್ಜಿ ಬಸಲಿಂಗವ್ವನಿಗೆ ಈಗ ಎಂಬತ್ತೆರಡು. ಮುಂಡರಗಿಯಲ್ಲಿ ಕಿರಿಯ ಮಗನ ಮನೆಯಲ್ಲಿದ್ದಾರೆ. ಅಲ್ಲಿ ಆಗ ಸಂಜೆ ಏಳರ ಸಮಯ. ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು. ಆಯಿ ಉಪವಾಸ ಮಾಡಿ ಒಳಗೆ ಕುಳಿತಿರುತ್ತಾಳೆ, ಬಿಟ್ಟ ಮೇಲೆ ಮಾತಾಡಿದರಾಯಿತು ಎಂದು ಮಹೇಶ ಹೇಳಿ ನೋಡಿದ. “ಈಗ ಹಚ್ಚು” ಎಂದರು. ಅವನು ಕೈಗವಸು ತೆಗೆದು ಹಚ್ಚಿದ. ಕಾಕಾ ಎತ್ತಿ, ಗೊಣಗಿ, ಫೋನನ್ನು ಮುದುಕಿಯ ಕೈಗೆ ಕೊಟ್ಟ. ದಪ್ಪ ಟೊಪ್ಪಿಗೆ ಕಿವಿ ಮುಚ್ಚಿದ್ದರಿಂದ ಸ್ಪೀಕರಿನಲ್ಲೇ ಮಾತಾಡಬೇಕಾಯಿತು. ಹೀಗಾಗಿ ಮಹೇಶನೂ ಎಲ್ಲ ಕೇಳಿದ.

“ಅತ್ತೆವ್ವಾ, ನಾ ದ್ಯಾಮವ್ವ. ಗ್ರಹಣ ನೋಡಾಕತ್ತೀನ್ರಿ. ಬಯಲಾಗ ನಿಂತು, ಕಣ್ಣ ತೆಗೆದು.”

ದ್ಯಾಮವ್ವ ಫೋನಿಗೆ ಇನ್ನೂ ಬಗ್ಗಿದರು.

“ಕೇಳಾಕತ್ತೈತೇನ್ರಿ?”

“ಕೇಳಾಕತ್ತೈತಿ. ಹೇಳು.”

“ಅವತ್ತ ಕರು ಒದರಲಿಲ್ರಿ. ಕರುಂದು ಸುಳ್ಳ. ನಾ ನೋಡಬೇಕಂತನ ಹಿತ್ತಲಕ ಹೋಗಿದ್ನಿ. ನೋಡಿದ್ನಿ. ಹಗಲಾಗ ಚುಕ್ಕಿ ಕಂಡ್ವು. ಭಾಳ ಚಂದಿತ್ರಿ.”

ಮಹೇಶ ಇದನ್ನು ಮೊದಲ ಸಲ ಕೇಳುತ್ತಿದ್ದ. ಇಪ್ಪತ್ತು ವರ್ಷ ತಾನು ಚಿತ್ರ ಬರೆದದ್ದು ಕರು ಬಿಡಿಸಲು ಹೋದ ಹೆಂಗಸಿಗಾಗಿ, ನೋಡಲು ಹೋದ ಹೆಂಗಸನ್ನು ತನಗೆ ಗೊತ್ತೇ ಇರಲಿಲ್ಲ ಎಂದು ಅವನಿಗೆ ಅನ್ನಿಸಿತಂತೆ. ಲೈನ್ ಕಟ್ಟಾಯಿತೇನೋ ಎಂದು ಅವನು ಬಗ್ಗಿ ನೋಡಿದ. ಕಟ್ಟಾಗಿರಲಿಲ್ಲ.

“ಕರು ಒದರಿಲ್ಲಂತ ನನಗ ಗೊತ್ತೈತಿ” ಎಂದರು ಬಸಲಿಂಗವ್ವ.

“ಹೆಂಗ್ರಿ?”

“ನೀ ಹಿತ್ತಲದಾಗ ನಿಂತಿದ್ದು ನಾ ಎಲ್ಲಿಂದ ಕಂಡ್ನಿ ಅಂತ ಮಾಡೀದಿ? ನಾ ಮಾಳಗಿ ಮ್ಯಾಲಿದ್ನಿ. ನಾನೂ ನೋಡಾಕತ್ತಿದ್ನಿ.”

ಬಸಲಿಂಗವ್ವನೇ ಮುಂದುವರಿಸಿದರು.

“ಕೂಸಿನ ಮಾರಿ ನೋಡಿದ ಕೂಡಲೆ ನನ್ನ ಜೀವ ಹಾರಿತ್ತು. ಮನಿ ಹಿರೇ ಹೆಣಮಗಳು ಮಾಳಗಿ ಹತ್ತಿ ನೋಡಿದ್ಲು, ಅದಕ್ಕ ಹಿಂಗಾತು ಅಂತಾರಂತ ಹೆದರಿದ್ನಿ. ಯಾರೂ ಕೇಳೂಕ್ಕಿಂತ ಮೊದಲ ನಿನ್ನ ಹೆಸರು ಹೇಳಿಬಿಟ್ನಿ. ನಂದು ಪಾಪ ನಿನ್ನ ಉಡ್ಯಾಗ ಹಾಕಿದ್ನಿ, ಯವ್ವಾ.”

“ಹಂಗಾರ ಯಾರ ಕಣ್ಣ ಹತ್ತಿತ್ರಿ ಕೂಸಿಗೆ? ನಿಮ್ಮದೋ, ನಂದೋ?”

“ಯಾರದೂ ಹತ್ತಿಲ್ಲ. ಎರಡ ತಿಂಗಳಾಗ ತುಟಿ ಕೂಡತೈತಂತ ನಿನ್ನ ಮಗ ನನಗೂ ಚಿತ್ರ ತಗದು ತೋರಿಸ್ಯಾನ. ಹತ್ತ ವರ್ಷಾತು.”

“ಹೇಳಬೇಕಿತ್ರಿ” ಎಂದರು ದ್ಯಾಮವ್ವ.

“ನೀನೂ ಹೇಳಲಿಲ್ಲ.”

ಇಬ್ಬರೂ ಫೋನು ಮಾತ್ರ ಇಡಲಿಲ್ಲ. ಆ ಕಡೆಯಿಂದ ಒಮ್ಮೆ ಕೆಮ್ಮು ಕೇಳಿತು, ಒಮ್ಮೆ ಓಣಿಯ ನಾಯಿ ಬೊಗಳಿದ್ದು ಕೇಳಿತು. ಮಹೇಶ ಬರಿಗೈಯಲ್ಲಿ ಫೋನು ಹಿಡಿದುಕೊಂಡು ನಿಂತಿದ್ದ, ಬೆರಳುಗಳಲ್ಲಿ ಜೀವವಿರಲಿಲ್ಲ. ಅವ್ವ ಚಂದ್ರನನ್ನು ನೋಡುತ್ತಲೇ ಇದ್ದರು. ಮೂರು ಗಂಟೆ ದಾಟಿದ ಮೇಲೆ ಚಂದ್ರನ ಎಡಗಡೆ ಬೆಳ್ಳಗೆ ಒಂದು ಗೆರೆ ಮೂಡಿತು. ಅದೇ ಹೊತ್ತಿಗೆ ಫೋನು ಕಪ್ಪಾಯಿತು.

“ಆಕಿ ಇಟ್ಲೇನು?” ಎಂದು ದ್ಯಾಮವ್ವ ಗಾಬರಿಯಿಂದ ಕೇಳಿದರು.

“ಇಲ್ಲವ್ವಾ, ನಂದ ಬ್ಯಾಟರಿ ಸತ್ತಿತು. ಥಂಡಿಗೆ.”

“ಹಂಗಾರ ಅಡ್ಡಿಯಿಲ್ಲ” ಎಂದರು.